ರಿಟರ್ನ್ ಗಾಡಿ

ಊರಲ್ಲಿ ಸ್ಟ್ಯಾಂಡಿನ ಹತ್ತಿರ ಕೂಗುತ್ತಿದ್ದರಲ್ಲ,
“ರಿಟರ್ನ್ ಗಾಡಿ ಸಾರ್, ಬನ್ನಿ, ಅರ್ಧ ರೇಟು,
ಹೇಗೂ ಹೋಗಲೇಬೇಕು ನಾವು.”
ಇದೂ ಹಾಗೆಯೇ.
ಹದಿನೈದು ಮಹಡಿಯ ಗಾಡಿ, ಅಷ್ಟೇ ವ್ಯತ್ಯಾಸ.

ಅಕ್ಟೋಬರ್ ನಡುವಿಗೆ ಸೌತಾಂಪ್ಟನ್ ಬಂದರಿಗೆ ಚಳಿ ಇಳಿದಾಗ
ಬೇಸಿಗೆಯ ದುಡಿಮೆ ಮುಗಿಸಿದ ಹಡಗು
ಬಿಸಿಲು ಹುಡುಕಿ ಫ್ಲಾರಿಡಾಕ್ಕೆ ಹೊರಡುತ್ತದೆ,
ತುಂಬಿದರೂ ಸರಿ, ಖಾಲಿಯಾದರೂ ಸರಿ.
ಮೂವತ್ತೊಂದು ವರ್ಷ ಈ ಊರಿನ ಬಸ್ಸು ಓಡಿಸಿದವನಿಗೆ
ಖಾಲಿ ಸೀಟುಗಳ ಸಂಕಟ ಯಾರೂ ಹೇಳಿಕೊಡಬೇಕಿಲ್ಲ.
ಡಿಪೋಗೆ ಮರಳುವಾಗ, ಬೋರ್ಡಿನಲ್ಲಿ ‘ಸರ್ವಿಸ್ ಇಲ್ಲ’ ಎಂದಿದ್ದರೂ,
ಮಳೆಯಲ್ಲಿ ನಿಂತ ಮುದುಕಿಗೆ ಬಾಗಿಲು ತೆರೆದಿದ್ದೇನೆ,
ಎರಡು ಸಲ ಮೆಮೊ ತಿಂದಿದ್ದೇನೆ.

ಗುಲಾಬಿ ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನ ಮೇಲೆ
ಲೆಕ್ಕ ಹಾಕಿದಳು: ತಲೆಗೆ ನಾನೂರ ಹನ್ನೆರಡು ಪೌಂಡು,
ಹದಿನಾಲ್ಕು ರಾತ್ರಿ, ಮೂರು ಹೊತ್ತು ಊಟ,
ಹಾಸಿಗೆ ಮಡಿಸುವವರು ಬೇರೆ ಯಾರೋ,
ಮನೆಯ ಹೀಟರು ಬಂದ್.
“ಇಲ್ಲಿ ಕೂತರೂ ಇಷ್ಟೇ ಖರ್ಚು ಮಾರಾಯ್ರೆ,
ಕೂತಲ್ಲಿಗೇ ಅಮೆರಿಕ ಬರುವುದಾದರೆ ಯಾಕೆ ಬೇಡ?”
ಕೊನೆಗೆ ಸಣ್ಣಕ್ಷರದಲ್ಲಿ ‘ವಾಪಸು ವಿಮಾನ’ ಎಂದು ಬರೆದು
ಅದರ ಮುಂದೆ ಏನೂ ಬರೆಯಲಿಲ್ಲ.

ನಮ್ಮದು ಒಳಗಿನ ಕೋಣೆ, ಕಿಟಕಿಯಿಲ್ಲ.
ದೀಪ ಆರಿಸಿದರೆ ಮುಚ್ಚಿದ ಡಬ್ಬಿಯ ಕತ್ತಲು.
ಟಿವಿಯ ಹನ್ನೊಂದನೇ ಚಾನಲಿನಲ್ಲಿ ಹಡಗಿನ ಮೂಗು, ಅದರಾಚೆ ನೀರು.
ಅದನ್ನೇ ಹಾಕಿಟ್ಟು ಮಲಗುತ್ತಿದ್ದೆವು,
ಬೆಳಗಾಯಿತೇ ಎಂದು ಅದನ್ನೇ ಕೇಳುತ್ತಿದ್ದೆವು.

ಊಟದ ಮೇಜಿನಲ್ಲಿ ಮಿಸೆಸ್ ಪ್ರಿಚರ್ಡ್, ಎಂಬತ್ತೆರಡು ವರ್ಷ,
ಇದು ಅವರ ಒಂಬತ್ತನೇ ಒನ್-ವೇ.
“ನಾವೆಲ್ಲಿಯ ಪ್ರವಾಸಿಗರು?
ವಲಸೆ ಹೋಗುವ ಹಕ್ಕಿಯ ಗರಿಯೊಳಗಿನ ಹೇನು”
ಎಂದು ನಕ್ಕು, ಎರಡನೇ ಸಲ ಪುಡಿಂಗ್ ತರಿಸಿದರು.
ರೇಲಿಂಗಿನ ತುಕ್ಕು ಕೆರೆಯುತ್ತಿದ್ದ ರೊಡೆಲ್‌ನನ್ನು
ನಾಳೆ ಎಲ್ಲಿರುತ್ತೇವಪ್ಪ ಎಂದು ಕೇಳಿದೆ.
ಬ್ರಶ್ಶು ಎತ್ತಿ ಮುಂದಿನ ರೇಲಿಂಗನ್ನು ತೋರಿಸಿದ.

ಪಶ್ಚಿಮಕ್ಕೆ ಹೋಗುವ ಹಡಗು ಒಂದು ಉಪಕಾರ ಮಾಡುತ್ತದೆ:
ಎರಡು ಮೂರು ದಿನಕ್ಕೊಮ್ಮೆ ದಿಂಬಿನ ಮೇಲೆ, ಚಾಕಲೇಟಿನ ಪಕ್ಕ,
‘ಗಡಿಯಾರ ಒಂದು ಗಂಟೆ ಹಿಂದಿಡಿ’ ಎಂಬ ಚೀಟಿ.
ಇಪ್ಪತ್ತೈದು ಗಂಟೆಯ ದಿನ. ಹೆಚ್ಚಿನದಕ್ಕೆ ಬಿಲ್ಲಿಲ್ಲ.
ಮೊದಲನೆಯದನ್ನು ದುಂದುಗಾರರ ಹಾಗೆ ನಿದ್ದೆಗೆ ಸುರಿದೆವು.
ಎರಡನೆಯದು ಇಸ್ಪೀಟಿಗೆ.
ಮೂರನೆಯದರಲ್ಲಿ, ಆ ಡಬ್ಬಿಯ ಕತ್ತಲಲ್ಲಿ, ಗುಲಾಬಿ ಅಂದಳು:
“ನಿಮ್ಮ ನೈಟ್ ಶಿಫ್ಟಿನ ಹನ್ನೊಂದು ವರ್ಷ
ಬೀಗದ ಸದ್ದು ಕೇಳುವ ತನಕ ನನಗೆ ನಿದ್ದೆ ಬಂದದ್ದಿಲ್ಲ.
ನೀವು ಒಳಗೆ ಬಂದಾಗಿನ ಆ ಗೊರಕೆ, ಅದು ಸುಳ್ಳೇ.”

ನಾನೋ, ಶೂ ಕೈಯಲ್ಲಿ ಹಿಡಿದು,
ಕಿರುಗುಟ್ಟುವ ನಾಲ್ಕನೇ ಮೆಟ್ಟಿಲು ದಾಟಿ ಹತ್ತುತ್ತಿದ್ದೆ,
ಅವಳಿಗೆ ಎಚ್ಚರವಾಗಬಾರದೆಂದು.
ಟಿವಿಯಲ್ಲಿ ನೀರು ಕಪ್ಪಗೆ ಬರುತ್ತಲೇ ಇತ್ತು.
ನಾಲ್ಕನೆಯದನ್ನೂ ಐದನೆಯದನ್ನೂ ಮಾತಿಗೇ ಎತ್ತಿಟ್ಟೆವು.

ವಿಮಾನದ ದರ ಕೇಳಿ ಲಕೋಟೆಯ ಲೆಕ್ಕ ಮಗುಚಿತು.
ಅಗ್ಗದ ಸೋಮವಾರಕ್ಕಾಗಿ ಮೂರು ರಾತ್ರಿ
ಹೆದ್ದಾರಿ ಬದಿಯ ಮೋಟೆಲು, ಬ್ರೆಡ್ಡು, ಬಾಳೆಹಣ್ಣು.
ಅಲ್ಲಿ ಭಾನುವಾರ ನಸುಕಿನಲ್ಲಿ ಅಮೆರಿಕವೂ
ಚಳಿಗಾಲಕ್ಕೆ ತನ್ನ ಮುಳ್ಳು ಹಿಂದೆ ಸರಿಸಿತು: ಒಟ್ಟು ಆರು.
ವಿಮಾನ ಒಂದೇ ರಾತ್ರಿಯಲ್ಲಿ ಐದು ವಸೂಲಿ ಮಾಡಿತು,
ಮೀಟರ್ ಬಡ್ಡಿಯವನ ಹಾಗೆ, ಮುಖ ಕೂಡ ನೋಡದೆ.

ಮನೆಗೆ ಬಂದರೆ ಅಡುಗೆಮನೆಯ ಗಡಿಯಾರ
ಚಳಿಗಾಲಕ್ಕೆ ತಿರುಗಿಸುವವರಿಲ್ಲದೆ ಒಂದು ಗಂಟೆ ಮುಂದಿತ್ತು.
ಸ್ಟೂಲು ಹಾಕಿ ಹತ್ತಿದೆ. ಆರರಲ್ಲಿ ಐದು ಹೋದರೆ
ಉಳಿದದ್ದು ಇಲ್ಲೇ ಗೋಡೆಗೆ ನೇತಾಡುತ್ತಿತ್ತು.
ಗುಲಾಬಿ ಕೋಟು ಬಿಚ್ಚದೆ ಕೆಟಲ್ ಒತ್ತಿದಳು.
“ಇಳೀರಿ, ಬೀಳ್ತೀರಿ. ಅದನ್ನು ಈಗ ಖರ್ಚು ಮಾಡೋದು ಬೇಡ.
ಮಾರ್ಚಿನಲ್ಲಿ ಕೇಳಿಕೊಂಡು ಬರ್ತಾರಲ್ಲ,
ಆಗ ನೋಡೋಣ.”