ಏಪ್ರಿಲ್‌ನ ಮೂರನೇ ಭಾನುವಾರ

ಬ್ಯಾಲರಟ್ಟಿನಲ್ಲಿ ಜುಲೈ. ಕಾರಿನ ಗಾಜಿನ ಮೇಲೆ
ಉಪ್ಪು ಎರಚಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿದೆ.
ಅಡುಗೆಮನೆಯ ಮೇಜಿನ ಮೇಲೆ ಜಪಾನು,
ನಾಲ್ಕು ಹಾಳೆ ಅಂಟಿಸಿ ಮಾಡಿದ ನಕಾಶೆ;
ಸುರುಳಿ ಸುತ್ತದಿರಲೆಂದು
ಶಿಕೊಕು ಮೇಲೆ ಉಪ್ಪಿನಕಾಯಿ ಬಾಟಲಿ.

ಈರಪ್ಪ ರೈಲು ಡಬ್ಬಿ ರಿಪೇರಿ ಮಾಡುವವನು.
ಹುಬ್ಬಳ್ಳಿಯಲ್ಲೂ ಇಲ್ಲೂ ಸೇರಿ
ಬೆರಳಿಗೆ ಮೂವತ್ತು ವರ್ಷದ ಗ್ರೀಸು.
ಆ ಬೆರಳಿಂದಲೇ ಕಡಲಂಚು ಸವರುತ್ತಾನೆ:
"ಇಲ್ಲಿ ನೀಲಿ ಬಣ್ಣ ಕಟ್ಟೋ ಮಂದಿ ಅದಾರಂತ.
ಇಲ್ಲಿ ಕೈಲೆ ಕಾಗದಾ ಮಾಡ್ತಾರ.
ಇಲ್ಲೊಂದೂರಾಗ ಬೊಂಬಿ ಆಟ, ಅಜ್ಜ ಮುತ್ತಜ್ಜರ ಕಾಲದ್ದು.
ಯಾವುದು ಬೇಕು, ಹೇಳ ಮತ್ತ?"
ಸೀರೆ ಅಂಗಡಿಯವ ಮಡಿಕೆ ಬಿಚ್ಚಿ ಹರಡಿದ ಹಾಗೆ.

ಬೆಲೆ? ನಮ್ಮ ಬೀದಿಯಲ್ಲಿ ಅಷ್ಟಕ್ಕೆ
ಒಂದು ಗ್ಯಾರೇಜೂ ಬಾರದು.
ಅಲ್ಲಿ ಎರಡಂತಸ್ತು, ಹಿತ್ತಿಲಲ್ಲಿ ಪರ್ಸಿಮನ್ ಮರ,
ಯಾರೂ ಕೀಳದ ಹಣ್ಣು, ಹಿಂದೆ ಗುಡ್ಡ.
ದೂರದ ಗುಡ್ಡ. ನುಣ್ಣಗಿದೆ. ಗೊತ್ತು.

ನಾನು ಗುಡ್ಡ ನೋಡುತ್ತಿಲ್ಲ.
ಹದಿನಾಲ್ಕನೇ ಫೋಟೋದಲ್ಲಿ, ಬಚ್ಚಲಲ್ಲಿ,
ಎರಡು ಹಲ್ಲುಜ್ಜುವ ಬ್ರಶ್ಶು ಇನ್ನೂ ಲೋಟದಲ್ಲಿ ನಿಂತಿವೆ.
ಕ್ಯಾಲೆಂಡರು ಯಾವುದೋ ನವೆಂಬರಿನಲ್ಲಿದೆ.
ರೈಸ್ ಕುಕ್ಕರಿನ ವೈರನ್ನು
ಎಷ್ಟು ಜೋಪಾನವಾಗಿ ಸುತ್ತಿಟ್ಟಿದ್ದಾರೆ!
ಮನೆ ಕಟ್ಟಿ ನೋಡು ಎಂದ ನಮ್ಮವರು
ಕಟ್ಟಿದ್ದನ್ನು ಬಿಟ್ಟು ಹೋಗುವುದಕ್ಕೆ ಗಾದೆ ಮಾಡಲಿಲ್ಲ.

ರಾತ್ರಿ ಏಜೆಂಟ್ ನಿಶಿವಾಕಿಯವರ ಉತ್ತರ ಬಂತು.
ಕಣಿವೆ, ಬಿಸಿನೀರ ಬುಗ್ಗೆ, ಬೊಂಬೆ: ಒಂದು ಮಾತಿಲ್ಲ.
ಏಪ್ರಿಲ್‌ನ ಮೂರನೇ ಭಾನುವಾರ
ಊರವರೆಲ್ಲ ಸೇರಿ ಕಾಲುವೆಯ ಹೂಳೆತ್ತುತ್ತೇವೆ.
ಈ ಮನೆಯ ಪಾಲು ಹನ್ನೆರಡು ಮೀಟರು.
ಆರು ವರ್ಷದಿಂದ ಅದನ್ನೂ ಪಕ್ಕದ ಮನೆಯಾಕೆಯೇ ಎತ್ತುತ್ತಿದ್ದಾರೆ.
ಅವರಿಗೀಗ ಎಂಬತ್ತೊಂದು.
ನೀವು ಬರುವಿರಾ?

ಈರಪ್ಪ ಕನ್ನಡಕ ತೆಗೆದು ಒರೆಸಿದ, ಮತ್ತೂ ಒರೆಸಿದ.
"ಬರೇ ರಜಾಕ್ಕ ಹೋಗೋಣಂತ ಇದ್ದೆ," ಅಂದ.
ಇಲ್ಲಿ ಎಡಗಡೆ ಮನೆಯವರ ಹೆಸರು
ಹನ್ನೊಂದು ವರ್ಷವಾದರೂ ನಮಗೆ ಗೊತ್ತಿಲ್ಲ.
ನಾಯಿಯದು ಗೊತ್ತು: ಬಿಸ್ಕಿಟ್.

ಬಾಟಲಿ ಎತ್ತಿದೆ. ಶಿಕೊಕು ಮೇಲೆ
ಎಣ್ಣೆಯ ದುಂಡು ಕಲೆ. ಆ ಊರು ಅದರೊಳಗಿದೆಯೋ
ಅಂಚಿಗಿದೆಯೋ, ಈ ಬೆಳಕು ಸಾಲದು.
ಹಿಂದಿನ ಶೆಡ್ಡಿನಲ್ಲಿ ಡಬ್ಬಗಳು ಬಿದ್ದ ಸದ್ದು.
"ಸಲಿಕಿ ಎಲ್ಲಿಟ್ಟಿ?" ಎಂದು ಕೂಗುತ್ತಾನೆ,
ಜುಲೈನಲ್ಲಿ, ಆ ಚಳಿಯಲ್ಲಿ.