ಒಂಬತ್ತನೆಯ ಕಲಮು

ಮಾಲೂರು ಕೋರ್ಟಿನ ಹಿಂದೆ, ಜೆರಾಕ್ಸ್ ಅಂಗಡಿಗೂ
ಸೈಕಲ್ ಸ್ಟ್ಯಾಂಡಿಗೂ ನಡುವೆ, ತಗಡಿನ ಕೆಳಗೆ
ಪಿಳ್ಳಪ್ಪನ ಟೈಪ್‌ರೈಟರು.
ಅದರಲ್ಲಿ ‘ಳ’ ಅರ್ಧ ಮಾತ್ರ ಬೀಳುತ್ತದೆ;
ತನ್ನ ಹೆಸರನ್ನೇ ಅವನು ಪೆನ್ನಿನಲ್ಲಿ ತಿದ್ದಿಕೊಳ್ಳಬೇಕು.

ನಾನು ಹೇಳುತ್ತೇನೆ, ಅವನು ಕುಟ್ಟುತ್ತಾನೆ.
ದಿಲ್ಲಿಯಲ್ಲಿ ಯಾರೋ ಒಬ್ಬ ಸದಸ್ಯರು ಮಂಡಿಸಿದ ಮಸೂದೆ,
ಶುಕ್ರವಾರ ಮಧ್ಯಾಹ್ನದ ಸರದಿಯದು,
ಊರಿಗೆ ಹೋಗುವವರೆಲ್ಲ ವಿಮಾನ ಹತ್ತಿದ ಮೇಲಿನದು.
ನೆಲೆ ಕೇಳಿ ಬಂದವರಿಗೂ ಒಂದು ಕಾನೂನು ಇರಲಿ ಎಂದು
ಇಪ್ಪತ್ತೆರಡು ಪುಟ.
ಕೋಲಾರದ ವಕೀಲರ ಸಭೆಗೆ ಕನ್ನಡದಲ್ಲಿ ಬೇಕಂತೆ, ಸೋಮವಾರಕ್ಕೆ.

‘ನಿರಾಶ್ರಿತ’ ಅಂದೆ.
ಅವನ ಬೆರಳು ನಿಂತಿತು.
“ನಿರಾಶ್ರಿತ ಅಂದ್ರೆ ಆಶ್ರಯ ಇಲ್ಲದೋನು, ಅಲ್ವಾ ಮೇಡಂ?
ಈ ಕಾನೂನು ಬಂದ ಮೇಲೆ ಸಿಕ್ಕಿಬಿಡ್ತದಲ್ಲ,
ಆಗ ಏನಂತ ಕರೀತೀರಿ?”
ನನಗೆ ಹೊಳೆಯಲಿಲ್ಲ. ಜಾಗ ಬಿಡು, ಮುಂದಕ್ಕೆ ಹೋಗು ಅಂದೆ.
ಹೀಗೆ ಎರಡನೆಯ ಪುಟದಿಂದ ಶುರು,
ಮನುಷ್ಯರಿರಬೇಕಾದಲ್ಲೆಲ್ಲ ಬಿಳಿ.

ಒಂಬತ್ತನೆಯ ಕಲಮು:
ಯಾವ ನೆಲದಲ್ಲಿ ಅವರ ಜೀವಕ್ಕೆ ಅಪಾಯವಿದೆಯೋ
ಆ ನೆಲಕ್ಕೆ ಅವರನ್ನು ಹಿಂದಿರುಗಿಸತಕ್ಕದ್ದಲ್ಲ.

ಕನ್ನಡದಲ್ಲಿ ‘ಅಲ್ಲ’ ಬರುವುದು ಕಟ್ಟಕಡೆಗೆ.
ಇಡೀ ವಾಕ್ಯ ಒಬ್ಬಳನ್ನು ಗಡಿಯ ತನಕ ನಡೆಸಿಕೊಂಡು ಹೋಗಿ,
ಅವಳು ನೀರಿಗೆ ಕಾಲಿಡುವಾಗ
ಹಿಂದಿನಿಂದ ಕೂಗುತ್ತದೆ:
ಅಲ್ಲ.

ಅಷ್ಟರಲ್ಲಿ ಸೆನೊವಾರಾ ಬಂದು ನಿಂತಿದ್ದಳು,
ಇಟ್ಟಿಗೆ ಗೂಡಿನಿಂದ ನೇರ, ಕತ್ತಿನ ಮಡಿಕೆಯಲ್ಲಿ ಕೆಂಪು ಹುಡಿ.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ;
ನಡುವೆ ಹರಕು ಹಿಂದಿ, ಇಬ್ಬರೂ ಕಡ ತಂದದ್ದು.
ಅವಳ ಕಡತದಲ್ಲಿ ಹುಟ್ಟಿದೂರಿನ ಎದುರು ಒಂದು ನದಿಯ ಹೆಸರಿದೆ.
ಊರು ಸುಟ್ಟುಹೋಯಿತು, ನದಿ ಸುಡಲಿಲ್ಲ,
ಅದನ್ನೇ ಬರೆದುಕೊಳ್ಳಿ ಅಂದಿದ್ದಳು.

ಹಾಳೆ ತೋರಿಸಿದೆ. ಇದು ಬಂದರೆ ನಿನ್ನನ್ನು ವಾಪಸು ಕಳಿಸುವಂತಿಲ್ಲ.
ಬಂತಾ?
ಇಲ್ಲ. ಬಾಕಿ ಇದೆ.

ಬಾಕಿ. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತು.
ಮೇಸ್ತ್ರಿಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇರುವುದು ಅದೊಂದೇ:
ಮಗುವಿನ ಜ್ವರಕ್ಕೆ ತೆಗೆದುಕೊಂಡ ಹದಿನಾಲ್ಕು ಸಾವಿರ,
ಎಷ್ಟು ಇಟ್ಟಿಗೆ ಬಡಿದರೂ ಹನ್ನೊಂದರಿಂದ ಕೆಳಗಿಳಿಯದ್ದು.
ಬಾಕಿ ತೀರುವ ತನಕ ಯಾರೂ ಗೂಡು ಬಿಟ್ಟು ಹೋಗುವಂತಿಲ್ಲ.
ಸ್ವಲ್ಪ ಹೊತ್ತು ಲೆಕ್ಕ ಹಾಕಿ ಕೇಳಿದಳು:
ಹಾಗಾದರೆ ಅಡ್ವಾನ್ಸು ಯಾರು ತಗೊಂಡಿದ್ದಾರೆ?

ಪಿಳ್ಳಪ್ಪ ನಕ್ಕ. ನಾನೂ ನಕ್ಕೆ.
ಆಮೇಲೆ ಇಬ್ಬರೂ ರಿಬ್ಬನ್ನು ಸರಿಮಾಡಿದೆವು.

ಅವಳು ಹೋದ ಮೇಲೆ ಅವನೇ ಅಂದ:
“ನಮ್ಮಜ್ಜಿ ಕುಪ್ಪಂ ಕಡೆಯೋಳು ಮೇಡಂ.
ಕೋಳಿ ಬುಟ್ಟಿ ಹೊತ್ಕೊಂಡು ಟೇಕಲ್ ಸ್ಟೇಷನ್ನಲ್ಲಿ ಇಳಿದ್ಳಂತೆ.
ಊರ ಪಟೇಲ ಕೇಳಿದ್ದು ಎರಡೇ:
ಮೊಟ್ಟೆ ಇಡ್ತದಾ, ಕಾಯಿಲೆ ಗೀಯಿಲೆ ಇದೆಯಾ.
ಕೋಳಿಗೆ ಕೇಳಿದ್ನೋ ಅಜ್ಜಿಗೆ ಕೇಳಿದ್ನೋ ಗೊತ್ತಿಲ್ಲ.
ಬುಟ್ಟಿಯಮ್ಮ ಅಂತ ಹೆಸರಿಟ್ರು, ಮುಗೀತು.
ಇವತ್ತಿಗೂ ನಮ್ಮನೇಲಿ ಕೋಪ ಬಂದ್ರೆ ತೆಲುಗೇ.”

ಸೋಮವಾರ ಸಭೆಗೆ ಹನ್ನೊಂದು ಜನ, ಇಬ್ಬರು ಟೀ ಬರುವ ತನಕ.
ಇದೇನಮ್ಮಾ, ನಲವತ್ತೊಂದು ಕಡೆ ಖಾಲಿ? ಅಂದರು ಹಿರಿಯರು.
ಸರ್ಕಾರಿ ಕಾಗದದಲ್ಲಿರುವ ಪದವನ್ನೇ ಹಾಕು, ತಲೆ ಯಾಕೆ ಕೆಡಿಸಿಕೊಳ್ಳುತ್ತೀ?
ಕಡೆಯ ಬೆಂಚಿನಲ್ಲಿ ಕೂತು ಪೆನ್ನಿನಲ್ಲಿ ತುಂಬಿದೆ:
ನಿರಾಶ್ರಿತ, ನಿರಾಶ್ರಿತ, ನಿರಾಶ್ರಿತರ, ನಿರಾಶ್ರಿತರಿಗೆ.
ಒಂಬತ್ತನೆಯ ಕಲಮಿಗೆ ಬರುವಾಗ
ಕೈ ತಾನಾಗಿ ಬರೆದಿತ್ತು:
ಬುಟ್ಟಿಯಮ್ಮನನ್ನು ಹಿಂದಿರುಗಿಸತಕ್ಕದ್ದಲ್ಲ.

ಹೊಡೆದುಹಾಕಲಿಲ್ಲ.
ಯಾರೂ ಅಷ್ಟು ದೂರ ಓದಲೂ ಇಲ್ಲ.