ಮೂಗಿನ ಬುಡದಲ್ಲಿ ಉಳಿದವರು

ತೆಲಾವಿಯ ಆಚೆ, ಅಲಜಾನಿ ಹೊಳೆಯ ಬಯಲಲ್ಲಿ
ನಮ್ಮದು ದ್ರಾಕ್ಷಿಯ ಮನೆತನ.
ನೆಲದಡಿ ಕುತ್ತಿಗೆವರೆಗೆ ಹೂತ ಗುಡಾಣಗಳು ಹನ್ನೊಂದು.
ವಸಂತದಲ್ಲಿ ಮುಚ್ಚಳ ತೆಗೆದಾಗ
ಊರಿಗೆ ಊರೇ ಬಗ್ಗಿ ಮೂಗು ಇಡುತ್ತದೆ.
ಒಬ್ಬರು ಅಕ್ರೋಟು ಎನ್ನುತ್ತಾರೆ, ಒಬ್ಬರು ಒಣ ಜರ್ದಾಳು,
ಗರ್ಸೆವಾನ್ ಚಿಕ್ಕಪ್ಪ ಕಣ್ಣು ಮುಚ್ಚಿ, 'ಹಸಿ ಚರ್ಮ.'
ನಾನೂ ಬಗ್ಗುತ್ತಿದ್ದೆ.
'ಜೇನು' ಎನ್ನುತ್ತಿದ್ದೆ.
ಜೇನು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ.

ವಾಸನೆ ಎಂಬುದು ಹಿರಿಯರ ಮಾತಿನ ಆಟ,
ದೊಡ್ಡವನಾದಾಗ ನನಗೂ ಬರುತ್ತದೆ ಎಂದುಕೊಂಡಿದ್ದೆ,
ಮೀಸೆಯ ಹಾಗೆ.

ಮೀಸೆಯೂ ಬರಲಿಲ್ಲ.

ತಮ್ಮ ಉಶಾಂಗಿಯ ದನಿ ಒಡೆದು, ಕಟ್ಟಿ, ತಳಕ್ಕಿಳಿದು
ಗಂಡಸರ ಸಾಲಿಗೆ ಸೇರಿತು.
ಮೂರು ದನಿಯ ನಮ್ಮ ಹಾಡಿನಲ್ಲಿ
ಇಪ್ಪತ್ತೆರಡು ತುಂಬಿದ ನಾನು ಇನ್ನೂ ಮೇಲಿನ ಎಳೆ.
ನೆಂಟರು ಹೊಗಳತೊಡಗಿದರೆ
ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ತ್ಬಿಲಿಸಿಯ ಡಾಕ್ಟರ್ ಎಲಿಸೊ ಅಂಗಿ ಬಿಚ್ಚಿಸಲಿಲ್ಲ.
ಮೇಜಿನ ಖಾನೆಯಿಂದ ಕಾಫಿ ಡಬ್ಬಿ ತೆಗೆದಳು.
'ಕಣ್ಣು ಮುಚ್ಚು. ಇದೇನು?'
'ಜೇನು,' ಎಂದೆ.
ಅವಳು ಪೆನ್ನು ಕೆಳಗಿಟ್ಟಳು.

ಆಮೇಲೆ ಹೇಳಿದ್ದನ್ನು ನನ್ನ ಮೂಗಿನ ನೇರಕ್ಕೆ ಹೇಳುತ್ತೇನೆ:
ಅಮ್ಮನಿಗೆ ಇನ್ನೂ ವಾಂತಿ ನಿಲ್ಲದ ದಿನಗಳಲ್ಲಿ
ಮುಖವೂ ಸರಿಯಾಗಿ ಮೂಡಿರದ ನನ್ನೊಳಗೆ,
ಮೂಗಾಗಲಿರುವ ಜಾಗದಿಂದ
ಕೆಲವು ಸಾವಿರ ಜೀವಕೋಶಗಳು ಗುಳೆ ಹೊರಡಬೇಕು.
ವಾಸನೆಯ ನರ ಹಿಡಿದು ನಡೆದು
ಮಿದುಳಿನ ತಳದಲ್ಲಿ, ಹೈಪೊಥಲಾಮಸ್ ಎಂಬ ಊರಲ್ಲಿ
ಬಿಡಾರ ಹೂಡಬೇಕು.
ಅಲ್ಲಿಂದ ಒಂದೂವರೆ ಗಂಟೆಗೊಮ್ಮೆ ಒಂದು ಹನಿ
ಕೆಳಗಿಳಿದು, ಕಡಲೆ ಗಾತ್ರದ ಪಿಟ್ಯೂಟರಿಯ ಕದ ತಟ್ಟಬೇಕು.
ಕಡಲೆ ಎದ್ದು ರಕ್ತಕ್ಕೆ ಎರಡು ಓಲೆ ಹಾಕುತ್ತದೆ,
ಓಲೆ ಓದಿದ ವೃಷಣಗಳು ಕೆಲಸ ಹಚ್ಚುತ್ತವೆ:
ಗಡ್ಡ, ಗಂಟಲು, ಬೀಜ, ಬೇಡದ ಸಿಟ್ಟು.
ಹೆಚ್ಚಾಯಿತೋ, ಮೇಲಕ್ಕೆ ಹೇಳಿ ಕಳಿಸುತ್ತವೆ, 'ಸಾಕು.'
ಮೇಲಿನವರು ಸುಮ್ಮನಾಗುತ್ತಾರೆ. ಮತ್ತೆ ಕಡಿಮೆಯಾದರೆ ಮತ್ತೆ ಹನಿ.

'ನಿನ್ನವರು ಹೊರಟಿದ್ದರು ಕಣೋ. ದಾರಿಯೇ ಇರಲಿಲ್ಲ.
ಮೂಗಿನ ಬುಡದಲ್ಲೇ ಕೂತುಬಿಟ್ಟರು.'

ಹೊಟ್ಟೆಗೆ ಬೆಂಕಿಪೊಟ್ಟಣದಷ್ಟು ಒಂದು ಪಂಪು ಅಂಟಿಸಿದಳು.
'ಎಲ್ಲ ಒಟ್ಟಿಗೇ ಸುರಿದರೆ ಬೇಗ ಆಗುವುದಿಲ್ಲವೆ?'
'ಬಿಡದೆ ಮಾತಾಡುವ ಅತ್ತೆ ಇದ್ದಾಳಾ ನಿಮ್ಮ ಮನೆಯಲ್ಲಿ?'
'ಇದ್ದಾಳೆ.'
'ಅವಳ ಮಾತು ಯಾರಾದರೂ ಕೇಳುತ್ತೀರಾ?
ಗ್ರಂಥಿಯೂ ಹಾಗೇ. ನಡುವೆ ಮೌನ ಬೇಕು.'

ಟಿಕ್.
ತೊಂಬತ್ತು ನಿಮಿಷದ ಮೌನ.
ಟಿಕ್.

ನಾಲ್ಕನೇ ತಿಂಗಳು ಬಸ್ಸಿನಲ್ಲಿ ಯಾರೋ ಕಾಲು ತುಳಿದರು,
ಕೊಂದೇಬಿಡುವಷ್ಟು ಕೋಪ ಬಂತು. ಇಳಿದು,
ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ನಕ್ಕೆ.
ಔಷಧಿ ಅಂಗಡಿಯ ದಾರೇಜಾನ್
ಚಿಲ್ಲರೆ ಎಣಿಸುವುದನ್ನು ನೋಡುತ್ತ
ಚಿಲ್ಲರೆ ಅಲ್ಲೇ ಬಿಟ್ಟು ಬಂದೆ, ಮೂರು ಸಲ.
ಮೂರನೇ ಸಲ ಅವಳೇ ಬೀದಿಗೆ ಓಡಿಬಂದಳು.

ಈಸ್ಟರಿನ ಊಟದಲ್ಲಿ, ಹಾಡಿನ ನಟ್ಟನಡುವೆ
ನನ್ನ ಎಳೆ ಹರಿಯಿತು.
ಕತ್ತೆ ಕೂಗಿದ ಹಾಗೆ.
ಯಾರೂ ನಗಲಿಲ್ಲ. ಅಮ್ಮ ಈ ಸಲವೂ ಎದ್ದು ಹೋದಳು,
ರೊಟ್ಟಿ ತರಲಂತೆ; ರೊಟ್ಟಿ ಮೇಜಿನ ತುಂಬ ಇತ್ತು.

ಅಗಲಿದವರ ಹೆಸರಲ್ಲಿ ಬಟ್ಟಲು ಎತ್ತುವ ಹೊತ್ತು
ಎಲ್ಲರೂ ಅವರವರ ಅಜ್ಜಂದಿರನ್ನು ನೆನೆದರು.
ನಾನು ಎರಡು ಕಣ್ಣುಗಳ ನಡುವೆ ಬೆರಳೊತ್ತಿ
ಹುಟ್ಟುವ ಮೊದಲೇ ಹೊರಟು ತಲುಪದವರಿಗೆ
ಒಳಗೊಳಗೇ ಹೇಳಿದೆ: ದಣಿದಿದ್ದೀರಿ, ಕೂತಿರಿ.
ನಿಮ್ಮ ಪಾಳಿಯನ್ನು ಬೆಂಕಿಪೊಟ್ಟಣ ಮಾಡುತ್ತಿದೆ.

ಅರ್ಧ ಖಾಲಿಯಾದ ಹನ್ನೊಂದನೇ ಗುಡಾಣ ತೆರೆದಾಗ
ಎಲ್ಲರೂ ನನ್ನತ್ತ ತಿರುಗಿದರು.
ಬಗ್ಗಿದೆ. ಮುಖಕ್ಕೆ ತಣ್ಣನೆ ಗಾಳಿ, ಅಷ್ಟೇ.
'ನನಗೇನೂ ಬರುತ್ತಿಲ್ಲ,' ಎಂದೆ, ಮೊದಲ ಸಲ.
ಗುಡಾಣ ಅದನ್ನೇ
ನನಗಿಂತ ಒಂದು ಮೆಟ್ಟಿಲು ಕೆಳಗಿನಿಂದ
ತಿರುಗಿ ಹೇಳಿತು.